ಎರಡು ಎಡಗೈ

ಹನ್ನೊಂದು ತುಂಬಿದಾಗ ನಾನು ಹೆಣೆದ ಮೊದಲ ಜೊತೆ
ಜೊತೆಯಾಗಲೇ ಇಲ್ಲ.
ನಾಲ್ಕು ಬೆರಳಿಗೆ ಒಂದೇ ಕೋಣೆ, ಹೆಬ್ಬೆರಳಿಗೆ ಬೇರೆ ಮನೆ:
ಹೀಯುಮಾ ದ್ವೀಪದ ಕೈಗವಸಿನ ಲೆಕ್ಕ ಅಷ್ಟೇ.
ಆ ಬೇರೆ ಮನೆಯನ್ನು ನಾನು
ಎರಡರಲ್ಲೂ ಒಂದೇ ಕಡೆ ಕಟ್ಟಿದ್ದೆ.
ಸಾಲ್ಮೆ ಅಜ್ಜಿ ಒಲೆಯ ಬೆಳಕಿಗೆ ಹಿಡಿದು ನೋಡಿ
'ಈ ಹುಡುಗಿಗೆ ಎರಡೂ ಎಡಗೈ' ಅಂದಳು.
ಮುಟ್ಟಿದ್ದೆಲ್ಲ ಮುರಿಯುವವರಿಗೆ
ನಮ್ಮ ಎಸ್ಟೋನಿಯಾದಲ್ಲಿ ಅನ್ನುವ ಮಾತು ಅದು.
ಹೆಸರಿಟ್ಟಳು,
ಆ ಮಾತಿನ ಎರಡೂ ಅರ್ಥದಲ್ಲಿ.

ಮೀನಿನ ಕಾರ್ಖಾನೆ ಮುಚ್ಚಿದ ಚಳಿಗಾಲ
ಆನ್‌ಲೈನ್ ಅಂಗಡಿ ತೆರೆಯಲು ಕೂತೆ.
ಪರದೆ ಮೊದಲು ಕೇಳಿದ್ದು ಬಂಡವಾಳವಲ್ಲ, ಹೆಸರು.
ಬೈಗುಳವನ್ನೇ ಬರೆದೆ: ಕಕ್ಸ್ ವಾಸಕುತ್.
ಎರಡು ಎಡ.
ಎಡವಿದ್ದೇ ಬೋರ್ಡಾಯಿತು.

ಆರು ಚಳಿಗಾಲ.
ಸೂಪರ್ ಮಾರ್ಕೆಟ್ಟಿನ ಗೋಡೆಗೊರಗಿದ ಪಾರ್ಸೆಲ್ ಕಪಾಟಿಗೆ
ನನ್ನ ಬೂಟಿನ ಸದ್ದು ಗೊತ್ತು ಅನ್ನಿಸುವಷ್ಟು ಸಲ ನಡೆದೆ.

ಮಾರ್ಚಿನಲ್ಲಿ ತಾರ್ತುವಿನಿಂದ ಒಬ್ಬಳು ಬರೆದಳು:
'ನಿಮ್ಮ ಕೈಗವಸು ಎರಡೇ ವಾರಕ್ಕೆ ಬಿಚ್ಚಿಕೊಂಡಿತು.
ನಾಚಿಕೆಯಾಗಬೇಕು.'
ಜೊತೆಗೊಂದು ಫೋಟೋ.
ಹಿಗ್ಗಿಸಿ, ಹಿಗ್ಗಿಸಿ ನೋಡಿದೆ.
ಕವಾಯತಿಗೆ ನಿಂತ ಹಾಗೆ ಹೊಲಿಗೆ, ಒಂದೂ ಆಚೀಚೆ ಇಲ್ಲ.
ನನ್ನದಲ್ಲ.
ನನ್ನದಾಗಿದ್ದರೆ ಎಲ್ಲಾದರೂ ಒಂದು ತಪ್ಪಿರುತ್ತಿತ್ತು.
ಪಟ್ಟಿಯ ಮೇಲಿನ ಹೆಸರು ಮಾತ್ರ ನನ್ನದು.
ವಿಳಾಸದಲ್ಲಿ, ಎರಡು ಪದದ ನಡುವೆ ಒಂದು ಅಡ್ಡಗೀಟು,
ಬೇಲಿ ಹಾರುವವನು ಒಂದು ಕ್ಷಣ
ಕಾಲೂರಿದ ಹಲಗೆಯ ಹಾಗೆ.

ತೋಯ್ವೋ ಸಾರು ಬಡಿಸಿಕೊಳ್ಳುತ್ತ ಹೇಳಿದ:
'ಹೆಸರು ತಾನೇ, ಬದಲಾಯಿಸು.
ನಮ್ಮ ಫೆರಿಗೆ ಮೂರು ಸಲ ಬದಲಾಯಿತು.
ಮುಳುಗಿತೇ?'

ಅವನು ಮಲಗಿದ ಮೇಲೆ
ಅಡುಗೆಮನೆಯ ಮೇಜಿನಲ್ಲಿ ಗುರುತಿನ ಚೀಟಿ ತೂರಿಸಿ
ಗುಟ್ಟಿನ ಅಂಕಿ ಒತ್ತಿ ಅರ್ಜಿ ತೆರೆದೆ.
ಯಾವ ವರ್ಗ? ಉಡುಪು.
ಎಂದಿನಿಂದ ಬಳಕೆ? ಪುರಾವೆ ಲಗತ್ತಿಸಿ.
ಆರು ವರ್ಷದ ರಸೀದಿ ಲಗತ್ತಿಸಿದೆ,
ವೋರುವಿನ ಮದುಮಗಳೊಬ್ಬಳ ಮಸುಕು ಫೋಟೋ, ಕೈ ಮಾತ್ರ ಸ್ಪಷ್ಟ.
ಅಜ್ಜಿಯನ್ನು ಲಗತ್ತಿಸಲಾಗಲಿಲ್ಲ.
ಶುಲ್ಕ: ಐದು ಜೊತೆಯ ದುಡ್ಡು.
ಉಗುಳು ನುಂಗಿ ಕಟ್ಟಿದೆ.

ಆ ಕಡೆಯ ವಕೀಲರ ಪತ್ರ ಬಂತು, ಬಲು ಮರ್ಯಾದೆಯದು.
'ಇದು ನಾಡಿನ ನುಡಿಗಟ್ಟು. ಎಲ್ಲರದು.
ಎಲ್ಲರ ಬಾಯಿಗೆ ಒಬ್ಬರು ಬೀಗ ಹಾಕಲಾದೀತೇ?'
ಓದಿದೆ. ಹೇಳಲು ಸಂಕೋಚ,
ಅರ್ಧ ನಿಜವೆನ್ನಿಸಿತು.
ಬಸ್ಸಿನ ಡ್ರೈವರ್ ತನಗೆ ತಾನೇ ಹಾಗೆ ಬೈದುಕೊಳ್ಳುತ್ತಾನೆ,
ಮೇಷ್ಟ್ರು ನನ್ನ ಮಗನಿಗೂ ಬೈದಿದ್ದಾರೆ.
ಬೈಯಲಿ. ಮಾತು ಬೇಕಿಲ್ಲ ನನಗೆ.
ನಾನು ಕೇಳುವುದು ಇಷ್ಟೇ:
ಎಳೆ ಬಿಚ್ಚಿಕೊಂಡ ದಿನ
ಬೈಗುಳ ಸರಿಯಾದ ಮನೆಯ ಬಾಗಿಲು ತಟ್ಟಲಿ.
ನನ್ನ ತಪ್ಪಿಗೆ ನಾನು ಬೈಸಿಕೊಳ್ಳುತ್ತೇನೆ.
ಅಭ್ಯಾಸವಿದೆ.

ಹಾಗೆಂದು ಬರೆದು ಕಳಿಸಿದೆ. ವಕೀಲರಿಲ್ಲದ ಭಾಷೆ,
ಎರಡು ಕಡೆ ಕಾಗುಣಿತ ತಪ್ಪು.

ಈಗ ಜೂನ್. ರಾತ್ರಿ ಹನ್ನೊಂದಕ್ಕೂ ಬೆಳಕು.
ಅರ್ಜಿಯ ಮುಂದೆ ಒಂದೇ ಮಾತು: ಪರಿಶೀಲನೆಯಲ್ಲಿದೆ.
ತಾರ್ತುವಿನವಳಿಗೆ ನಾನೇನೂ ಕೊಡಬೇಕಿಲ್ಲ.
ಆದರೂ ಬೂದು ಉಣ್ಣೆ ತೆಗೆದೆ.
ಬಲಗೈಯದು ಸಲೀಸಾಗಿ ಬಂತು.
ಎಡಗೈಯದೂ.
ಪೆಟ್ಟಿಗೆಗೆ ಅಂಟು ಹಚ್ಚುವ ಮುಂಚೆ, ಏನನ್ನಿಸಿತೋ,
ಇನ್ನೂ ಎರಡು ದಿನ ಕೂತು
ಇನ್ನೊಂದು ಎಡಗೈ ಹೆಣೆದೆ.

ಒಂದು ಬಲ, ಎರಡು ಎಡ, ಬೆಲೆ ಸೊನ್ನೆ.
ಅವಳಿಂದ ಉತ್ತರವಿಲ್ಲ.
ಫೋನಿನಲ್ಲಿ ಕಪಾಟು ಮಾತ್ರ ವರದಿ ಒಪ್ಪಿಸಿದೆ:
ಕಳಿಸಿದವರು, ಕಕ್ಸ್ ವಾಸಕುತ್.
ಪಡೆದುಕೊಂಡಿದ್ದಾರೆ.